ಸುಗರಾಬೀ ಆರಿಸಿದ ಮಷೀನು

ಭಾಲ್ಕಿಯ ಕೋಟೆ ಗೋಡೆಯ ಬೆನ್ನಿಗೆ ಪಿಂಜಾರರ ನಾಲ್ಕಾರು ಮನೆಗಳಿದ್ದವು. ಗಂಡಸರು ಬಿಲ್ಲು ಹೆಗಲಿಗೇರಿಸಿ ಊರೂರು ತಿರುಗಿ ಹತ್ತಿ ಹಿಂಜುವವರು, ಹೆಂಗಸರು ಮನೆಯಲ್ಲಿ ಕೂತು ಗಾದಿ, ರಜಾಯಿ, ಕೌದಿ ಹೊಲಿಯುವವರು. ನಿಜಾಮರ ಸರಕಾರದ ಆ ಕಾಲದಲ್ಲಿ ಈ ಓಣಿಯ ಸುಗರಾಬೀ ಹೊಲಿದ ಕೌದಿಯ ಮೇಲೆ ಹೊರಳಾಡದೆ ದೊಡ್ಡದಾದ ಕೂಸು ಊರಲ್ಲಿ ಅಪರೂಪವೇ.

ಕೌದಿ ಅಂದರೆ ಹರಿದ ಅರಿವೆ ಕೂಡಿಸಿ ದಾರ ಎಳೆಯುವುದು ಅಂತ ತಿಳಿದವರಿದ್ದಾರೆ. ಅವರು ಹಾಗೇ ತಿಳಿದುಕೊಂಡಿರಲಿ. ಸುಗರಾಬೀ ಕೆಲಸಕ್ಕೆ ಕೂತದ್ದನ್ನು ನೋಡಿದವರು ಆ ಮಾತು ಆಡಲಾರರು. ಅಂಗಳ ಸಾರಿಸಿ, ಒಣಗಿಸಿ, ಅರಿವೆಗಳನ್ನು ಪದರು ಪದರಾಗಿ ಹಾಸಿ, ತಾನು ಅದರ ಮೇಲೇ ಕೂತು, ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಹೊಲಿಯುತ್ತ ಬರುವಳು. ಮೈಭಾರಕ್ಕೆ ಕೆಳಗಿನ ಪದರು ಸರಿಯುತ್ತಿರಲಿಲ್ಲ. ಹೊಲಿಗೆ ನುಚ್ಚಕ್ಕಿ ಸಾಲು ಹಿಡಿದಂತೆ ಸಣ್ಣದು. ಹೊಲಿಗೆ ಎಷ್ಟು ಸಣ್ಣದೋ ಹೊಲಿದವಳ ಮಾನ ಅಷ್ಟು ದೊಡ್ಡದು ಅನ್ನುವುದು ಅವಳ ಲೆಕ್ಕ. ಉದ್ದುದ್ದ ಹೊಲಿಗೆ ಹಾಕಿದ ಕೌದಿ ಕಂಡರೆ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು.

ಅವಳು ಹುಟ್ಟಿದ್ದು ಔರಾದ ಸೀಮೆಯ ಸಂತಪುರದಲ್ಲಿ. ತಾಯಿ ಬೇಗ ಹೋದಳು. ಸಾಕಿದ ಸೋದರತ್ತೆ ಸೂಜಿ ಕೈಗೆ ಕೊಟ್ಟಳು. ಅತ್ತೆಯಿಂದ ಹೊಲಿಗೆಯ ಜೊತೆಗೆ ಒಂದು ರೂಢಿಯೂ ಬಂತು. ನಮ್ಮ ಕಡೆ ಹಿರಿಯರು ತೀರಿಕೊಂಡರೆ ಅವರ ಸೀರೆ, ಧೋತರ ಕೌದಿಗೆ ಕೊಡುತ್ತಾರೆ. ಮೊಮ್ಮಕ್ಕಳು ಅದನ್ನು ಹೊದ್ದು ಮಲಗಿದರೆ ಅಜ್ಜಿಯ ತೊಡೆಯ ಮೇಲೆ ಮಲಗಿದ ಹಾಗೆ. ಅಂಥ ಅರಿವೆ ಒಮ್ಮೆ ಹೊಲಿಯುವವಳ ಮನೆಗೆ ಬಂದರೆ, ಹೊಲಿಗೆ ಮುಗಿದು ಕೌದಿಯಾಗುವ ತನಕ ಹೊಸ್ತಿಲು ದಾಟಿ ಹೊರಗೆ ಹೋಗಕೂಡದು. ಅದಕ್ಕೆ ಕತ್ತರಿ ಹಾಕಿ ಚೂರು ತೆಗೆದು ಮಂದಿಗೆ ತೋರಿಸಕೂಡದು. ಬಿಡಿಯಾಗಿ ಹೊರಬಿದ್ದರೆ ಸತ್ತವರು ಹಾದಿಪಾಲು ಆಗುತ್ತಾರೆ ಅಂತ ಅತ್ತೆ ಹೇಳಿದ್ದಳು. ಸುಗರಾಬೀ ಅದನ್ನು ನಮಾಜಿನಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬಂದಳು.

ಮದುವೆಯಾಗಿ ಭಾಲ್ಕಿಗೆ ಬಂದಳು. ಗಂಡ ಮುರ್ತುಜಾ ಹತ್ತಿ ಹಿಂಜುವುದರಲ್ಲಿ ಗಟ್ಟಿಗ, ಮಾತಿನಲ್ಲಿ ಮೆತ್ತಗಿನವ. ಹೆತ್ತ ಮಕ್ಕಳಲ್ಲಿ ಉಳಿದವಳು ಗುಲಶನ ಒಬ್ಬಳೇ.

ಹಿರಿಯರ ಸೀರೆ ತಂದುಕೊಡುವ ಹೆಂಗಸರಿಗೂ ಸುಗರಾಬೀಗೂ ನಡೆಯುವ ಮಾತು ಕೇಳಲು ಓಣಿಯವರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಕಿರಾಣಿ ಅಂಗಡಿಯ ಮಡೆಪ್ಪನ ಹೆಂಡತಿ ಕಸ್ತೂರಿಬಾಯಿ ಒಮ್ಮೆ ತೀರಿಕೊಂಡ ಅತ್ತೆಯ ಸೀರೆಗಳ ಗಂಟು ತಂದಿದ್ದಳು.

"ಸುಗರಾಬೀ, ನಮ್ಮ ಅತ್ತಿ ಸೀರಿ ಕಾಲಕಡಿ ಹಾಕ್ರಿ. ಜೀವ ಇದ್ದಾಗ ನನಗ ಭಾಳ ತುಳದಾಳ. ಈಗ ನಾ ಒಂದಷ್ಟು ತುಳೀತೇನಿ."

"ಕಾಲಕಡಿ ಹಾಕಿದ್ರ ಆಕಿ ಸುಮ್ಮ ಇರ್ತಾಳೇನ್ರಿ ಬಾಯಿ? ರಾತ್ರಿ ಎಲ್ಲಾ ಅಂಗಾಲಿಗಿ ಚಿವುಟ್ತಾಳ. ತಲಿಕಡಿ ಹಾಕ್ತೇನಿ. ಬೈಗಳ ಕೇಳ್ಕೋತ ಮಕ್ಕೋರಿ, ರೂಢಿ ಆಗ್ಯದಲ್ಲ ನಿಮಗ."

ಕಸ್ತೂರಿಬಾಯಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆಮೇಲೆ ಆ ಸೀರೆಯನ್ನೇ ಮೂಗಿಗೆ ಹಿಡಿದುಕೊಂಡು ನಿಜವಾಗಿಯೂ ಅತ್ತಳು. ಸುಗರಾಬೀ ಆ ಸೀರೆಯನ್ನು ಮುಖಕ್ಕೆ ತಾಗುವ ಜಾಗಕ್ಕೇ ಹಾಕಿದಳು.

ಗುಲಶನಳನ್ನು ಔರಾದದ ಉಸ್ಮಾನ ಮಿಯಾನಿಗೆ ಕೊಟ್ಟರು. ಅವನೂ ಪಿಂಜಾರನೇ, ದುಡಿಯುವ ಹುಡುಗ. ಒಂದು ಹೆಣ್ಣು ಕೂಸು ಹುಟ್ಟಿತು. ಆಬೇದಾ ಅಂತ ಹೆಸರಿಟ್ಟರು. ದೊಡ್ಡ ಲಡಾಯಿ ಮುಗಿಯುವ ಹೊತ್ತಿಗೆ ದೇಶಕ್ಕೆಲ್ಲ ಹಬ್ಬಿದ ಜ್ವರ ಔರಾದಕ್ಕೂ ಬಂತು. ಮುಂಜಾನೆ ರೊಟ್ಟಿ ಬಡಿದವರು ಮರುದಿನ ಇರುತ್ತಿರಲಿಲ್ಲ. ಗುಲಶನ ಹಾಗೇ ಹೋದಳು. ಸುದ್ದಿ ಮುಟ್ಟಿ ಇವರು ಮಾಂಜ್ರಾ ಹೊಳೆ ದಾಟಿ ಹೋಗುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಉಸ್ಮಾನ ಮಿಯಾನಿಗೂ ಜ್ವರ. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಕೂಸು ಪಕ್ಕದ ಮನೆಯಲ್ಲಿತ್ತು. ಸುಗರಾಬೀ ಕೂಸನ್ನು ಬಗಲಿಗೆ ಹಾಕಿಕೊಂಡಳು, ಮಗಳ ಅರಿವೆಗಳನ್ನು ಗಂಟು ಕಟ್ಟಿಕೊಂಡಳು, ಭಾಲ್ಕಿಗೆ ಬಂದಳು.

ಸತ್ತವಳ ಬಟ್ಟೆ ಖೈರಾತು ಮಾಡಬೇಕು ಅಂತ ಮಸೀದಿಯ ಕಡೆಯ ಹಿರಿಯರು ಹೇಳಿ ಕಳಿಸಿದರು. ಕೌದಿಗೆಂದು ಎತ್ತಿಡುವ ಮೊದಲೇ ಒಂದು ಜೊತೆ ತೆಗೆದು ಫಕೀರನ ಹೆಂಡತಿಗೆ ಕೊಟ್ಟಳು. ಉಳಿದದ್ದು ಕೊಡಲಿಲ್ಲ. ಹಸಿರು ಸೀರೆ ಒಂದು, ಉಟ್ಟು ಉಟ್ಟು ಜೇಡನ ಬಲೆಯಂತಾಗಿದ್ದ ಬಿಳಿ ಸೀರೆ ಒಂದು, ಎರಡು ಕುಪ್ಪಸ, ಒಂದು ಓಢಣಿ. ಇವನ್ನೆಲ್ಲ ಕೂಡಿಸಿ ಆಬೇದಾಳಿಗೆ ಕೌದಿ ಹೊಲಿಯಬೇಕು. ತಾಯಿಯ ಮುಖ ನೆನಪಿರದ ಕೂಸು ತಾಯಿಯ ಅರಿವೆಗಾದರೂ ಮುಖ ಹಚ್ಚಿ ಮಲಗಬೇಕು. ಇದೊಂದೇ ಅವಳ ಮನಸ್ಸಿನಲ್ಲಿ ಕೂತಿತು.

ಮನಸ್ಸಿತ್ತು, ಕೈ ಇರಲಿಲ್ಲ. ಆ ಚಳಿಗಾಲವೇ ಅವಳ ಬೆರಳಿನ ಗೆಣ್ಣುಗಳು ಬಾತವು. ಮೊದಲು ಬಲಗೈ, ಆಮೇಲೆ ಎಡಗೈ. ಒಂದು ವರ್ಷ ಕಳೆಯುವುದರೊಳಗೆ ಬೆರಳುಗಳು ಶುಂಠಿ ಬೇರಿನಂತೆ ಸೊಟ್ಟಗಾದವು. ಹಕೀಮರು ಎಣ್ಣೆ ಕೊಟ್ಟರು, ಯಾರೋ ಎಕ್ಕದ ಎಲೆ ಕಟ್ಟಿದರು. ಸೂಜಿ ಹಿಡಿದರೆ ಜಾರಿ ಬೀಳುತ್ತಿತ್ತು. ಬಿದ್ದ ಸೂಜಿಯನ್ನು ನೆಲದಿಂದ ಎತ್ತಲೂ ಆಗುತ್ತಿರಲಿಲ್ಲ. ಊರಿನ ಕೌದಿಗಳು ಬೇರೆ ಮನೆಗಳಿಗೆ ಹೋಗತೊಡಗಿದವು. ಅದಕ್ಕೆ ಅವಳು ಮರುಗಲಿಲ್ಲ. ಗೋಡೆಯ ಗೂಡಿನಲ್ಲಿದ್ದ ಆ ಗಂಟನ್ನು ನೋಡಿದಾಗ ಮಾತ್ರ ಮುಖ ತಿರುಗಿಸಿಕೊಳ್ಳುತ್ತಿದ್ದಳು.

ಕಸ್ತೂರಿಬಾಯಿ ತಡೆಯಲಾರದೆ ಕೇಳಿದಳು. "ಗುಲಶನನ ಕೌದಿ ನಾ ಹೊಲದು ಕೊಡ್ಲೇನು ಅಕ್ಕಾ? ನೀವು ಬಾಜೂಕ ಕುಂತು ಹೇಳ್ರಿ, ಹೇಳಿದಂಗ ಹೊಲೀತೇನಿ."

"ನಿಮ್ಮ ಹೊಲಿಗಿ ನೋಡೇನಿ ಬಾಯಿ. ಎತ್ತು ಕೆಸರಾಗ ಹೆಜ್ಜಿ ಇಟ್ಟಂಗ ಇರ್ತದ." ಅಷ್ಟು ಹೇಳಿ ಅವಳ ದನಿ ಇಳಿಯಿತು. "ಸಿಟ್ಟಾಗಬ್ಯಾಡ್ರಿ. ನನ್ನ ಮಗಳಿಗಿ ಮೈ ತೊಳೀಲಿಕ್ಕ ಆಗಲಿಲ್ಲ ನನಗ. ಕಫನ್ ಹಾಕಲಿಕ್ಕ ಆಗಲಿಲ್ಲ. ಇದೊಂದರ ನಾನೇ ಮಾಡ್ತೇನಿ."

ಇಷ್ಟರ ಮೇಲೆ, ಆಬೇದಾಳಿಗೆ ನಾಲ್ಕು ತುಂಬುವ ಹೊತ್ತಿಗೆ, ಔರಾದದಿಂದ ಹೇಳಿಕೆ ಬಂತು. ಉಸ್ಮಾನ ಮಿಯಾ ಎರಡನೇ ನಿಕಾಹ ಮಾಡಿಕೊಳ್ಳುತ್ತಿದ್ದಾನೆ, ಜೋಳದ ರಾಶಿ ಮುಗಿದ ಮೇಲೆ ಬಂದು ಮಗಳನ್ನು ಕರೆದೊಯ್ಯುತ್ತಾನೆ. ತಪ್ಪು ಅನ್ನುವ ಹಾಗಿರಲಿಲ್ಲ. ಮಗಳು ಅವನವಳು, ವಯಸ್ಸೂ ಇನ್ನೂ ಹರೆಯದ್ದು. ಮೂರನೆಯ ದಿನ ಸುಗರಾಬೀ ಗಂಡನಿಗೆ ಹೇಳಿದಳು.

"ಮಷೀನ ತರೂಣು."

ಮುರ್ತುಜಾ ಬಿಲ್ಲಿನ ನರ ಬಿಗಿಯುತ್ತ ಕೂತಿದ್ದ. ಕೈ ಹಾಗೇ ನಿಂತಿತು. "ಎಂಥಾ ಮಷೀನ?"

"ಹೊಲಿಯೂ ಮಷೀನ. ಕಾಲಲೆ ತುಳಿಯೂದು ಬಂದದಂತ. ಕೈ ಹೋದ್ರ ಹೋಯ್ತು, ಕಾಲ ಇನ್ನಾ ಗಟ್ಟಿ ಅವ."

"ದರ್ಜಿ ಮಷೀನದಾಗ ಕೌದಿ ಹೊಲೀತಾರೇನು ಯಾರರೆ?"

"ಯಾರೂ ಹೊಲದಿಲ್ಲಂತ ನಾವೂ ಹೊಲಿಬಾರದಾ? ಕಾಲಾಗಿನ ಕಡಗ ಅವ ನಂವು. ಗುಲಶನನ ಸರ ಅದ. ಯಾರಿಗಿ ಇಟ್ಟಕೊಂಡು ಕುಂಡ್ರಲಿ?"

ಮಡೆಪ್ಪನ ಗಾಡಿ ಸಾಮಾನು ತರಲು ಬೀದರಿಗೆ ಹೊರಟಿತ್ತು. ಗಂಡ ಹೆಂಡತಿ ಅದರಲ್ಲಿ ಕೂತರು. ಆಬೇದಾಳನ್ನು ಕಸ್ತೂರಿಬಾಯಿಯ ಹತ್ತಿರ ಬಿಟ್ಟರು. ಹೊರಡುವ ಮುಂಚೆ ಮುರ್ತುಜಾ ಗೂಡಿನ ಕಡೆ ನೋಡಿ ಅಂದ, "ಆ ಬಿಳಿ ಸೀರಿ ಒಂದು ತುಕಡಿ ತಗೊಂಡ್ರ ಚಲೋ ಇತ್ತು. ಅದರ ಮ್ಯಾಲ ಹೊಲದು ನೋಡಬಹುದು."

ಸುಗರಾಬೀ ಅವನನ್ನು ಹೇಗೆ ನೋಡಿದಳೆಂದರೆ ಅವನು ತಾನೇ ಹೋಗಿ ಗಾಡಿಯಲ್ಲಿ ಕೂತ.

ಅವಳು ಬೇರೊಂದು ಮಾದರಿ ಮಾಡಿಕೊಂಡಿದ್ದಳು. ಕೈಮಗ್ಗದ ಗಟ್ಟಿ ಅರಿವೆ ಏಳೆಂಟು ಪದರು ಮಡಚಿ ಗಂಡನ ಕೈಯಿಂದ ಅಲ್ಲಲ್ಲಿ ಟಾಕಿ ಹೊಲಿಗೆ ಹಾಕಿಸಿದ್ದ ಹಾಸು. ಕೌದಿಯ ಕೆಲಸದಲ್ಲಿ ಕಷ್ಟವೆಲ್ಲ ದಪ್ಪದಲ್ಲಿದೆ ಅನ್ನುವುದು ಅವಳ ಬೆರಳು ಜೀವಮಾನವಿಡೀ ಕಲಿತ ಪಾಠ. ಸೂಜಿ ಮುರಿಯುವುದು ದಪ್ಪಕ್ಕೆ, ಬೆರಳು ತೂತಾಗುವುದು ದಪ್ಪಕ್ಕೆ. ಈ ಹಾಸನ್ನು ದಾಟಿದ ಮಷೀನು ಎಂಥ ಕೌದಿಯನ್ನಾದರೂ ದಾಟುತ್ತದೆ ಅಂತ ಅವಳು ತಿಳಿದಳು.

ಕಾರಂಜಾ ಹೊಳೆ ದಾಟಿ, ದಾರಿಯಲ್ಲಿ ಒಂದು ರಾತ್ರಿ ಕಳೆದು, ಬೀದರದ ಕೋಟೆಯ ಬುರುಜು ಕಂಡಾಗ ಎತ್ತುಗಳಿಗೂ ಸಾಕಾಗಿತ್ತು. ಚೌಬಾರಾ ಗೋಪುರದ ಬದಿಗೆ ಮುಜೀಬೋದ್ದೀನ ಅನ್ನುವವರ ಅಂಗಡಿ. ಹೈದರಾಬಾದಿನಿಂದ ಮಷೀನು ತರಿಸಿ ಮಾರುವವರು, ಕೆಟ್ಟದ್ದನ್ನು ರಿಪೇರಿ ಮಾಡುವವರು. ಬಿಳಿ ಗಡ್ಡ, ಬೆರಳ ತುದಿಯೆಲ್ಲ ಎಣ್ಣೆ ಕಪ್ಪು. ಕೌದಿಗೆ ಮಷೀನು ಬೇಕು ಅಂದಾಗ ಅವರು ಮೊದಲು ನಕ್ಕರು, ಆಮೇಲೆ ಅವಳ ಕೈ ನೋಡಿ ನಗು ನಿಲ್ಲಿಸಿದರು.

"ಬರ್ರಿ ಆಪಾ, ಕುಂಡ್ರಿ. ತೋರಸ್ತೇನಿ. ನೋಡಲಿಕ್ಕ ರೊಕ್ಕ ಏನೂ ಹತ್ತಂಗಿಲ್ಲ."

ಮೊದಲು ತೋರಿಸಿದ್ದು ಕೈಯಿಂದ ತಿರುಗಿಸುವ ಮಷೀನು. ಕರಿ ಮೈಮೇಲೆ ಬಂಗಾರದ ಹೂಬಳ್ಳಿ. ಮದುಮಗಳ ಹಾಗೆ ಕೂತಿತ್ತು. ಸುಗರಾಬೀ ಅದನ್ನು ಮುಟ್ಟಲಿಲ್ಲ. "ಒಂದ ಕೈ ಗಾಲಿಗಿ ಹೋಯ್ತು, ಒಂದೇ ಕೈಲೆ ಕೌದಿ ಹಿಡೀಬೇಕು. ನನಗ ಎರಡೂ ಕೂಡಿದ್ರ ಅರ್ಧ ಕೈ ಆಗ್ತದ್ರಿ. ಬ್ಯಾಡ."

ಎರಡನೆಯದು ಕಾಲಿನಿಂದ ತುಳಿಯುವ ದರ್ಜಿ ಮಷೀನು. ಹಾಸನ್ನು ಸೂಜಿಯ ಕೆಳಗೆ ತಳ್ಳಲು ಹೋದರೆ ಅರಿವೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ಪಾದ ಅಷ್ಟೆತ್ತರ ಏಳಲೇ ಇಲ್ಲ. ಮುರ್ತುಜಾ ಜೋರು ಮಾಡಿ ತೂರಿಸಿದ. ಸೂಜಿ ಟಣ್ ಅಂತ ಮುರಿದು ಹಾರಿತು.

"ಅಲ್ಲಾ! ಕಣ್ಣ ಹೋಗ್ತಿತ್ತಲ್ಲೋ ಭಾಯಿ," ಅಂದರು ಮುಜೀಬೋದ್ದೀನ. "ಕುಪ್ಪಸ ಹೊಲಿಯೂದಕ್ಕ ಗಾದಿ ತುರುಕಿದ್ರ ಅದು ಏನ ಮಾಡಬೇಕು?"

ಮೂರನೆಯದು ಹಾಸನ್ನು ನುಂಗಿತು, ಹೊಲಿಗೆಯೂ ಬಿತ್ತು. ಮುರ್ತುಜಾನ ಮುಖ ಅರಳಿತು. ಸುಗರಾಬೀ ಮಾತ್ರ ತಲೆಯಲ್ಲಾಡಿಸಿದಳು. ಸೂಜಿಗೂ ಬಲಗಡೆಯ ಕಂಬಕ್ಕೂ ನಡುವಿನ ಬಯಲನ್ನು ಗೇಣು ಹಾಕಿ ತೋರಿಸಿದಳು. "ಇದು ಹಾಸು, ಅಂಗೈಯಷ್ಟು ಅದ. ಕೌದಿ ನಡುವಿಗಿ ಹೊಲಿಬೇಕಂದ್ರ ಅರ್ಧ ಕೌದಿ ಸುರುಳಿ ಸುತ್ತಿ ಈ ಸಂದ್ಯಾಗ ಹಾಕಬೇಕು. ಹಿಡಿಸಂಗಿಲ್ಲ ಇದರಾಗ. ಅಂಚಷ್ಟೇ ಹೊಲದು ನಡು ಬಿಡಲೇನ್ರಿ?"

ಮುಜೀಬೋದ್ದೀನರಿಗೆ ಈಗ ಮಜಾ ಬಂತು. ಇಷ್ಟು ವರ್ಷ ಮಷೀನು ಮಾರಿದರೂ ಆ ಬಯಲನ್ನು ಗೇಣು ಹಾಕಿ ನೋಡಿದ ಗಿರಾಕಿ ಬಂದಿರಲಿಲ್ಲ. ಒಳಕೋಣೆಯ ಪರದೆ ಸರಿಸಿ ಕರೆದರು. ಅಲ್ಲಿ ಗೋಣಿಚೀಲ ಹೊದ್ದು ನಿಂತಿತ್ತು ಒಂದು ಜರ್ಮನಿಯ ಮಷೀನು. ಉದ್ದ ತೋಳು, ದಪ್ಪ ಪಾದ, ಅರಿವೆಯನ್ನು ಮುಂದೆ ತಳ್ಳಲು ಅಡಿಯಲ್ಲಿ ಗರಗಸದಂಥ ಹಲ್ಲು. ಪಲ್ಟಣಿನವರ ಡೇರೆ, ಕುದುರೆ ಜೀನು ಹೊಲಿಯಲು ತರಿಸಿದ್ದು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅದಕ್ಕೇ ಕಿಮ್ಮತ್ತು ಹೆಚ್ಚು.

ಸುಗರಾಬೀ ಸ್ಟೂಲಿನ ಮೇಲೆ ಕೂತು ತುಳಿದಳು. ಮಷೀನು ಹಾಸಿನ ಮೇಲೆ ನೀರು ಹರಿದಂತೆ ಹೋಯಿತು. ತಿರುಪು ತಿರುಗಿಸಿ ಹೊಲಿಗೆ ಗಿಡ್ಡ ಮಾಡುವುದನ್ನು ಮುಜೀಬೋದ್ದೀನ ತೋರಿಸಿಕೊಟ್ಟರು. ಇನ್ನೂ ಗಿಡ್ಡ, ಇನ್ನೂ ಗಿಡ್ಡ ಅಂತ ಅವಳು ಮಾಡಿಸಿಕೊಂಡಳು. ನುಚ್ಚಕ್ಕಿ ಸಾಲು! ತನ್ನ ಹರೆಯದ ಕೈ ಹಾಕುತ್ತಿದ್ದಂಥದೇ ಹೊಲಿಗೆ. ಎಷ್ಟೋ ದಿನದ ಮೇಲೆ ಅವಳ ಕಣ್ಣಲ್ಲಿ ನೀರಿನ ಜೊತೆಗೆ ನಗು ಕಂಡಿತು.

"ಇದೇ ಇರ್ಲಿ."

ಮುಜೀಬೋದ್ದೀನ ವ್ಯಾಪಾರಿಯಾದರೂ ಖರೇ ಮಾತಿನವರು. ಗಡ್ಡ ತುರಿಸಿಕೊಂಡು ಅಂದರು, "ಆಪಾ, ಇದು ಘೋಡಾದಂಥಾ ಮಷೀನ. ಗಟ್ಟಿ ಮಾಲಿಗಿ ಇದರಂಥಾದ್ದು ಇಲ್ಲ. ನೀವು ಹೊಲಿಯೂ ಅರಿವಿ ಎಂಥಾದ್ದದ? ಹಳಿ ನಾಜೂಕ ಕಪಡಾ ಇದ್ರ ಮೊದಲ ನನಗ ತೋರಸ್ರಿ. ಸೂಜಿ ಬದಲಿ ಮಾಡಬೇಕಾಗ್ತದ, ಇನ್ನೂ ಬ್ಯಾರೆ ನೋಡಬೇಕಾಗ್ತದ."

"ಅದು ಪ್ಯಾಟಿಗಿ ಬರೂ ಅರಿವಿ ಅಲ್ರಿ."

"ಒಂದು ಅಂಗುಲ ಚೂರ ಸಾಕ."

"ಚೂರೂ ಬರಂಗಿಲ್ಲ," ಅಂದಳು ಸುಗರಾಬೀ. "ಏಳು ಪದರ ದಾಟಿದ್ದು ಒಂದು ಪದರ ದಾಟಂಗಿಲ್ಲೇನ್ರಿ?"

ಅವರು ಮತ್ತೆ ಕೇಳಲಿಲ್ಲ. ಮುರ್ತುಜಾ ಹಾಸನ್ನು ಮಡಚಿ ಬಗಲಿಗೆ ಇಟ್ಟುಕೊಂಡ. ಕಡಗ ಮತ್ತು ಸರ ಸರಾಫನ ಅಂಗಡಿಗೆ ಹೋದವು. ಮಷೀನು ಗಾಡಿಗೆ ಬಂತು.

ಭಾಲ್ಕಿಯಲ್ಲಿ ಆ ಮಷೀನು ನೋಡಲು ಕೋಟೆಯ ಆಚೆಯಿಂದಲೂ ಮಂದಿ ಬಂದರು. ಸುಗರಾಬೀ ಕೆಲವು ದಿನ ಗೋಣಿ, ಎತ್ತಿನ ಬೆನ್ನಿಗೆ ಹೊದಿಸುವ ಜೂಲು, ಗಾದಿಯ ಖೋಳು ಹೊಲಿದು ಕಾಲು ಪಳಗಿಸಿಕೊಂಡಳು. ಒಂದು ಹೊಲಿಗೆಯೂ ತಪ್ಪಲಿಲ್ಲ. ಆಮೇಲೆ ಒಂದು ಶುಕ್ರವಾರ ನಮಾಜಾದ ಮೇಲೆ ಗೂಡಿನಿಂದ ಮಗಳ ಗಂಟು ಇಳಿಸಿದಳು. ಕೆಳಗೆ ತನ್ನವೇ ಹಳೆಯ ಸೀರೆಗಳ ಪದರು, ಮೇಲೆ ಗುಲಶನಳ ಅರಿವೆ. ಮುಖಕ್ಕೆ ತಾಗುವ ಕಡೆ ಬಿಳಿ ಸೀರೆ. ಮುರ್ತುಜಾ ಸುರುಳಿ ಸುತ್ತಿ ಹಿಡಿದ, ಇವಳು ತುಳಿದಳು. ಆಬೇದಾ ಸ್ಟೂಲಿನ ಕಾಲು ಹಿಡಿದು ಕೂತು ಕೇಳುತ್ತಿದ್ದಳು.

"ನಾನಿ, ಇದು ಅಮ್ಮಂದಾ?"

"ಹೂಂ. ಅಮ್ಮಂದು."

"ಇದು?"

"ಇದೂ ಅಮ್ಮಂದೇ. ನೀ ಹುಟ್ಟಿದಾಗ ಇದನ್ನೇ ಉಟ್ಟಿದ್ದಳು."

ಹುಡುಗಿ ಹಸಿರು ಸೀರೆಯ ತುದಿಯನ್ನು ಕೆನ್ನೆಗೆ ಒತ್ತಿಕೊಂಡು ಅಲ್ಲೇ ನಿದ್ದೆ ಹೋಯಿತು. ಕೌದಿ ಮುಗಿಯುವ ತನಕ ದಿನವೂ ಹೀಗೇ. ಮುಗಿದ ದಿನ ಅದನ್ನು ನೋಡಿದ ಕಸ್ತೂರಿಬಾಯಿ ಮೂಗಿನ ಮೇಲೆ ಬೆರಳಿಟ್ಟಳು. ಅಷ್ಟು ಸಣ್ಣ ಹೊಲಿಗೆ, ಅಷ್ಟು ನೆಟ್ಟಗಿನ ಸಾಲು ಕೈಯಲ್ಲಿ ಹೊಲಿದ ಕೌದಿಯಲ್ಲಿಯೂ ಯಾರೂ ಕಂಡಿರಲಿಲ್ಲ.

ಕೌದಿ ಮುಗಿದ ಮೇಲೆ ಇಬ್ಬರು ನಾಲ್ಕು ಮೂಲೆ ಹಿಡಿದು ಒಮ್ಮೆ ಗಟ್ಟಿಯಾಗಿ ಜಾಡಿಸುವುದು ರೂಢಿ. ದಾರದ ತುಂಡು, ಧೂಳು ಉದುರಿ ಪದರುಗಳು ಕೂಡಿಕೊಳ್ಳಲಿ ಅಂತ. ಮುರ್ತುಜಾ ಒಂದು ಕಡೆ ಹಿಡಿದ, ಇನ್ನೊಂದು ಕಡೆ ಸುಗರಾಬೀಯ ಕೈ ಬಿಗಿ ಹಿಡಿಯದೆಂದು ಕಸ್ತೂರಿಬಾಯಿ ಹಿಡಿದಳು.

"ಬಿಸ್ಮಿಲ್ಲಾ," ಅಂದ ಮುರ್ತುಜಾ. ಜಾಡಿಸಿದರು.

ಟರ್ರ್ ಅಂತ ಸಪ್ಪಳ ಬಂತು. ಕಸ್ತೂರಿಬಾಯಿ ತನ್ನ ಸೀರೆಯೇ ಹರಿಯಿತೇನೋ ಅಂತ ಕೆಳಗೆ ನೋಡಿಕೊಂಡಳು. ಹರಿದದ್ದು ಗುಲಶನಳ ಬಿಳಿ ಸೀರೆ. ಹೊಲಿಗೆಯ ಸಾಲು ಎಲ್ಲೆಲ್ಲಿತ್ತೋ ಅಲ್ಲಲ್ಲೇ, ಅಳತೆಪಟ್ಟಿ ಹಿಡಿದು ಕೊಯ್ದ ಹಾಗೆ ಬಿಟ್ಟುಕೊಂಡಿತ್ತು. ಹಸಿರು ಸೀರೆಯೂ ಹಾಗೇ, ಕುಪ್ಪಸಗಳೂ ಹಾಗೇ. ಜೀನು ಹೊಲಿಯುವ ದಪ್ಪ ಸೂಜಿ, ಅದರ ಒಂದೊಂದು ಚುಚ್ಚೂ ಸವೆದ ಅರಿವೆಯಲ್ಲಿ ಒಂದೊಂದು ತೂತು. ಹೊಲಿಗೆ ಸಣ್ಣದಾದಷ್ಟೂ ತೂತಿಗೆ ತೂತು ಒತ್ತಾಗಿ ಸಾಲು ಹಿಡಿದಿತ್ತು. ಮೇಲಿನಿಂದ ಒತ್ತಿದ ದಪ್ಪ ಪಾದ ಎಳೆಗಳನ್ನು ಮೊದಲೇ ತಿಕ್ಕಿ ಸಡಿಲಿಸಿತ್ತು. ಮೇಲಿನ ಪದರೆಲ್ಲ ಪಟ್ಟಿ ಪಟ್ಟಿಯಾಗಿ ಜೋತು ಬಿತ್ತು.

ಸುಗರಾಬೀ ಹತ್ತಿರ ಹೋಗಿ ಒಂದು ಪಟ್ಟಿಯನ್ನು ಎರಡು ಅಂಗೈಗಳ ನಡುವೆ ಎತ್ತಿ ಬೆಳಕಿಗೆ ಹಿಡಿದಳು. ತೂತುಗಳಿಂದ ಬೆಳಕು ಬಂತು. ಅವಳಿಗೆ ಎಲ್ಲ ತಿಳಿಯಿತು. ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ. ಕೈಹೊಲಿಗೆಯಲ್ಲಿ ಇಂಥ ಅರಿವೆ ಬಂದರೆ ಬೆರಳು ತಾನಾಗಿಯೇ ಸಡಿಲಾಗುತ್ತಿತ್ತು, ಸಣ್ಣ ಸೂಜಿಗೆ ಇಳಿಯುತ್ತಿತ್ತು, ಹೊಲಿಗೆ ತುಸು ದೂರ ದೂರ ಬೀಳುತ್ತಿತ್ತು. ಅದನ್ನು ಅವಳು ವಿಚಾರ ಮಾಡಿ ಮಾಡುತ್ತಿರಲಿಲ್ಲ, ಕೈ ಮಾಡುತ್ತಿತ್ತು. ಆ ಕೈಯೇ ಈಗ ಇರಲಿಲ್ಲ.

ಮುರ್ತುಜಾ ಸಿಟ್ಟಿಗೆ ಬಂದು ಮಷೀನಿಗೆ ಒದೆಯಲು ಹೋದ. ಜೀವಮಾನದಲ್ಲಿ ಅವನು ಸಿಟ್ಟಿಗೆದ್ದದ್ದನ್ನು ಓಣಿ ನೋಡಿದ್ದು ಅದೊಂದೇ ಸಲ.

"ಅದರದೇನು ತಪ್ಪು?" ಅಂದಳು ಸುಗರಾಬೀ. "ನಾ ಹೇಳಿದಂಗ ಹೊಲೀತು."

ಆಮೇಲೆ ನೆಲಕ್ಕೆ ಕೂತು, ಪಟ್ಟಿಗಳನ್ನು ಒಂದೊಂದಾಗಿ ತೊಡೆಯ ಮೇಲೆ ಹಾಕಿಕೊಂಡು, ಮಗಳು ಸತ್ತಾಗ ಅಳದಷ್ಟು ಅತ್ತಳು. ಆಬೇದಾ ಹೆದರಿ ಕಸ್ತೂರಿಬಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿತು.

ರಾಶಿ ಮುಗಿಯುತ್ತ ಬಂದಿತ್ತು. ಉಸ್ಮಾನ ಮಿಯಾ ಇವತ್ತೋ ನಾಳೆಯೋ ಅನ್ನುವಂತಾಗಿತ್ತು. ಒಂದು ಮುಂಜಾನೆ ಮುರ್ತುಜಾ ಬಿಲ್ಲು ಹೂಡಿ ಮನೆಯಲ್ಲಿದ್ದ ಒಳ್ಳೆಯ ಹತ್ತಿಯನ್ನೆಲ್ಲ ಹಿಂಜಿದ. ಹಿಂಜುತ್ತ ಹೆಂಡತಿಯ ಕಡೆ ನೋಡದೆ ಹೇಳಿದ.

"ಮ್ಯಾಲ ನಿಲ್ಲಂಗಿಲ್ಲ ಅಂದ್ರ ಒಳಗ ಹಾಕೂಣು. ಅರಳಿ ನಡುವ. ಮ್ಯಾಲ ಕೆಳಗ ಹೊಸಾ ಖಾದಿ. ರಜಾಯಿ ಆಗ್ತದ."

"ಕೂಸಿನ ಮುಖಕ್ಕ ಹತ್ತಂಗಿಲ್ಲ."

"ಹತ್ತಂಗಿಲ್ಲ. ಆದ್ರ ಅದರ ಕೂಡ ಇರ್ತದ."

ಬೇರೆ ದಾರಿ ಇರಲಿಲ್ಲ. ಹಾಸಿದ ಅರಳೆಯ ಮೇಲೆ ಸುಗರಾಬೀ ಮಗಳ ಪಟ್ಟಿಗಳನ್ನು ಸಾಲಾಗಿ ಮಲಗಿಸಿದಳು. ತಲೆಯ ಕಡೆ ಬಿಳಿಯದು, ಎದೆಯ ಕಡೆ ಹಸಿರು. ಅದರ ಮೇಲೆ ಮತ್ತೆ ಅರಳೆ, ಮೇಲೆ ಕೆಂಪು ಖಾದಿ. ಮಷೀನಿನ ತಿರುಪು ಸಡಿಲಿಸಿ ಉದ್ದುದ್ದ ಹೊಲಿಗೆ ಹಾಕಿದಳು, ತಾನು ಕಂಡು ನಗುತ್ತಿದ್ದಂಥವು. ಹೊಸ ಖಾದಿಯಲ್ಲಿ ಅವು ಕಬ್ಬಿಣದ ಹಾಗೆ ನಿಂತವು.

ಉಸ್ಮಾನ ಮಿಯಾ ಬಂದ, ಉಂಡ, ಅತ್ತ, ಮಗಳನ್ನು ಗಾಡಿಯಲ್ಲಿ ಕೂರಿಸಿಕೊಂಡ. ರಜಾಯಿ ಮಡಚಿ ಕೊಟ್ಟಾಗ ಆಬೇದಾ ಅದನ್ನು ತಿರುವಿ ತಿರುವಿ ನೋಡಿದಳು.

"ಇದು ಅಮ್ಮಂದಲ್ಲ. ಇದು ಕೆಂಪದ."

"ಅಮ್ಮಂದು ಒಳಗ ಅದ ಬೇಟಾ."

"ಸುಳ್ಳ ಹೇಳ್ತಿ ನೀ," ಅಂದಳು ಹುಡುಗಿ. ಗಾಡಿ ಹೊರಟಿತು.

ಆಮೇಲೆ ಸುಗರಾಬೀ ಬದುಕಿದ್ದದ್ದು ಬಹಳ ವರ್ಷವಲ್ಲ. ಮಷೀನು ಅವಳ ಮನೆಗೆ ಅನ್ನ ಕೊಟ್ಟಿತು, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎತ್ತಿನ ಜೂಲು, ಕುದುರೆ ಜೀನಿನ ಹಾಸು, ಮಡೆಪ್ಪನ ಅಂಗಡಿಯ ಗೋಣಿ, ದೂರದ ಡಾಬಕಾದಿಂದ ಬರುವ ರಜಾಯಿ, ಎಲ್ಲಕ್ಕೂ ಅವಳ ಹೊಲಿಗೆಯೇ ಬೇಕಾಗಿತ್ತು. ಒಂದನ್ನು ಮಾತ್ರ ಬಿಟ್ಟಳು. ತೀರಿಕೊಂಡವರ ಸೀರೆ ಹಿಡಿದು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಿ, "ಒಳಗ ತರಬ್ಯಾಡ್ರಿ. ನನ್ನ ಮಷೀನ ಅವರಿಗಿ ಆಗಂಗಿಲ್ಲ" ಅನ್ನುತ್ತಿದ್ದಳು. ಕಸ್ತೂರಿಬಾಯಿ ತನ್ನ ತಾಯಿಯ ಸೀರೆ ತಂದಾಗಲೂ ಅದೇ ಮಾತು. ಆಗ ಇಬ್ಬರೂ ಹೊಸ್ತಿಲಿನ ಆಚೆ ಈಚೆ ಕೂತು ಎಲೆಯಡಿಕೆ ಹಾಕಿಕೊಂಡರು.

ಮೊಮ್ಮಗಳನ್ನು ಅವಳು ಮತ್ತೆ ಕಂಡದ್ದು ಮರುವರ್ಷದ ಚಳಿಗಾಲದಲ್ಲಿ. ಉಸ್ಮಾನ ಮಿಯಾ ಯಾವುದೋ ಕೆಲಸಕ್ಕೆ ಭಾಲ್ಕಿಗೆ ಬರುವಾಗ ಕರೆತಂದಿದ್ದ. ರಜಾಯಿಯನ್ನೂ ತಂದಿದ್ದ.

"ಅಮ್ಮಾ, ಇದರ ಮೂಲಿ ಹರದದ ನೋಡ್ರಿ. ಮನಿ ತುಂಬ ಅರಳಿ. ಇಕಿ ಬೆರಳ ಹಾಕಿ ಹಾಕಿ ಹಂಗ ಮಾಡ್ಯಾಳ. ಮನ್ಯಾಗಿನಾಕಿ ಬೈತಾಳ, ಬೈದ್ರೂ ಕೇಳಂಗಿಲ್ಲ. ಮುಚ್ಚಿ ಹೊಲದು ಕೊಡ್ರಿ, ಸಂಜೀಕ ಬಂದು ಒಯ್ತೇನಿ." ಹೇಳಿ ಸಂತೆಯ ಕಡೆ ಹೋದ.

ಸುಗರಾಬೀ ಮೂಲೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಹರಿದಿರಲಿಲ್ಲ. ದಾರದ ಒಂದೊಂದೇ ಎಳೆ ಬಿಚ್ಚಿ, ಅರಿವೆಗೆ ಏನೂ ಆಗದಂತೆ, ಒಂದು ಎಳೆಯ ಬೆರಳು ಹಿಡಿಸುವಷ್ಟು ಕಿಂಡಿ ಮಾಡಿತ್ತು ಹುಡುಗಿ. ಆ ಕೆಲಸದಲ್ಲಿ ಕೈಚಳಕ ಇತ್ತು. ಅದು ಯಾರಿಂದ ಇಳಿದು ಬಂದ ಕೈ ಅಂತ ಅವಳಿಗೆ ಗೊತ್ತಾಯಿತು.

ಮಷೀನಿನ ಕಡೆ ಹೋಗಲಿಲ್ಲ. ಸೂಜಿಯನ್ನು ಎರಡು ಅಂಗೈಗಳ ನಡುವೆ ಹಿಡಿದು, ಹಲ್ಲಿನಿಂದ ಎಳೆದು, ಕಿಂಡಿಯ ಸುತ್ತ ಗುಂಡಿಯ ಕಣ್ಣಿಗೆ ಹಾಕುವ ಹಾಗೆ ಹೊಲಿಗೆ ಹಾಕುತ್ತ ಕೂತಳು. ದೊಡ್ಡದಾಗಬಾರದು, ಮುಚ್ಚಲೂಬಾರದು. ಅಂಗೈಯಷ್ಟೂ ಇಲ್ಲದ ಆ ಕೆಲಸಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಸೂಜಿ ಬಿದ್ದಾಗಲೆಲ್ಲ ಆಬೇದಾ ಎತ್ತಿ ಕೊಟ್ಟಳು.

ದಾರ ಕಡಿದ ಮೇಲೆ ಸುಗರಾಬೀ ಸ್ವಲ್ಪ ಹೊತ್ತು ಆ ಕಿಂಡಿಯನ್ನೇ ನೋಡಿದಳು. ತನ್ನ ತೋರುಬೆರಳನ್ನು ಅದರೊಳಗೆ ಹಾಕಲು ಹೋದಳು. ತುದಿ ಹೋಯಿತು, ಬಾತ ಗೆಣ್ಣು ತಡೆಯಿತು. ತಿರುವಿ ನೋಡಿದಳು, ಕಿರುಬೆರಳು ಹಾಕಿ ನೋಡಿದಳು. ಯಾವುದೂ ಹೋಗಲಿಲ್ಲ.

"ನೀ ಹಾಕು ಬೇಟಾ," ಅಂದಳು.

ಹುಡುಗಿ ಬೆರಳು ತೂರಿಸಿ, ಅರಳೆ ಸರಿಸಿ, ರೂಢಿಯ ಜಾಗ ಹುಡುಕಿಕೊಂಡಿತು.

"ಹತ್ತಿತೇನು?"

"ಹೂಂ."

"ಹ್ಯಾಂಗದ?"

"ಮೆತ್ತಗ ಅದ."

"ಬಿಳಿದೇನು, ಹಸಿರುದೇನು?"

ಆಬೇದಾ ಕಣ್ಣು ಮುಚ್ಚಿ ಇನ್ನೊಂದಿಷ್ಟು ತಡಕಾಡಿದಳು.

"ಗೊತ್ತಾಗಂಗಿಲ್ಲ ನಾನಿ. ಒಳಗ ಕತ್ತಲ ಅದ."